ಗೋಡೆ ಕುಡಿಯುತ್ತೆ ಸಾರ್

ಗೋಡೆಗೆ ಬಣ್ಣ ಹೊಡೆಸಲು ಗೋಡೆಯೇ ಕಾರಣವಾಗುವುದು ಅಪರೂಪ. ನೆಂಟರು ಕಾರಣರಾಗುತ್ತಾರೆ. ಹುಡುಗನ ಕಡೆಯವರು ಬರುತ್ತಾರೆ ಅಂತಲೋ, ಊರಿಂದ ದೊಡ್ಡಪ್ಪ ಬಂದು ತಿಂಗಳಿರುತ್ತಾರೆ ಅಂತಲೋ, ದಸರೆಗೆ ಗೊಂಬೆ ಕೂರಿಸಿದರೆ ಬೀದಿಯವರೆಲ್ಲ ಒಳಗೆ ಬಂದು ಗೊಂಬೆ ಬಿಟ್ಟು ಹಿಂದಿನ ಗೋಡೆ ನೋಡುತ್ತಾರೆ ಅಂತಲೋ ನಾವು ಬಣ್ಣದಂಗಡಿಯ ಮೆಟ್ಟಿಲು ಹತ್ತುತ್ತೇವೆ. ಗೋಡೆ ಪಾಪ, ಎಷ್ಟು ವರ್ಷವಾದರೂ ಹಕ್ಕಳೆ ಉದುರಿಸಿಕೊಂಡು ತನ್ನ ಪಾಡಿಗೆ ನಿಂತಿರುತ್ತದೆ. ನಮ್ಮ ಮನೆಯಲ್ಲಿ ಕಾರಣರಾದವರು ನನ್ನ ಹೆಂಡತಿಯ ಚಿಕ್ಕಮ್ಮ. ಮೈಸೂರಿಗೆ ಮದುವೆಗೆಂದು ಬಂದವರು ನಮ್ಮಲ್ಲಿಗೂ ಬಂದರು, ಸೋಫಾದಲ್ಲಿ ಕೂತು ಕಾಫಿ ಮುಗಿಸಿದರು, ಗೋಡೆಯನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, "ಇದು ಬಾಡಿಗೆ ಮನೆ ಅಲ್ಲ ತಾನೇ?" ಎಂದರು. ಅಷ್ಟೇ. ಆ ರಾತ್ರಿಯೇ ಮನೆಯಲ್ಲಿ ತೀರ್ಮಾನವಾಯಿತು. ನಾನು ಸೇರಿಸಿದ್ದು ಎರಡೇ ಪದ: ಕಮ್ಮಿ ಖರ್ಚಲ್ಲಿ.

ಕಮ್ಮಿ ಖರ್ಚು ಅನ್ನುವ ಮಾತನ್ನು ನಾನು ಸುಮ್ಮನೆ ಆಡಿದ್ದಲ್ಲ, ಅದಕ್ಕೆ ಆಧಾರವಿತ್ತು. ನಾನು ಬೆಳೆದ ಹಳ್ಳಿಮನೆಯಲ್ಲಿ ಮೇಸ್ತ್ರಿ, ಶೇಡ್ ಕಾರ್ಡು, ಕೊಟೇಶನ್ನು ಒಂದೂ ಇರಲಿಲ್ಲ. ಹಬ್ಬ ಹತ್ತಿರವಾದರೆ ಸಂತೆಯಿಂದ ಸುಣ್ಣದ ಕಲ್ಲು ಬರುತ್ತಿತ್ತು. ಅದನ್ನು ಹಳೇ ಗುಡಾಣಕ್ಕೆ ಸುರಿದು ಅಜ್ಜಿ ನೀರು ಹೊಯ್ದರೆ, ಒಲೆಯಿಲ್ಲ, ಬೆಂಕಿಯಿಲ್ಲ, ಕೊತಕೊತ ಕುದಿಯಲು ಶುರು. "ಕಣ್ಣಿಗೆ ಸಿಡಿದಾತು, ಆಚೆ ಹೋಗ್ರೋ" ಎಂದು ನಮ್ಮನ್ನು ಅಟ್ಟುತ್ತಿದ್ದರು. ರಾತ್ರಿಯೆಲ್ಲ ನೆನೆದು ತಣ್ಣಗಾದ ಸುಣ್ಣವನ್ನು ಹಳೇ ಪಂಚೆಯಲ್ಲಿ ಸೋಸಿ, ಕೈಗೆ ಮೆತ್ತದಿರಲಿ ಅಂತ ಅಂಟೋ ಗಂಜಿಯೋ ಬೆರೆಸಿ, ಬಟ್ಟೆಗೆ ಹಾಕುವ ನೀಲಿಯನ್ನು ಎರಡು ಚಿಟಿಕೆ ಕದಡಿದರೆ ಮನೆಯ ಬಣ್ಣ ತಯಾರು. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ. ಬಳಿಯುವಾಗ ಒದ್ದೆ ಬಿಟ್ಟು ಇನ್ನೇನೂ ಕಾಣದು. ಒಣಗುತ್ತಾ ಒಣಗುತ್ತಾ ಬೆಳ್ಳಗೆ ತಿರುಗುತ್ತದೆ. ಸುಣ್ಣ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ ಅಂತ ಹೈಸ್ಕೂಲಿನಲ್ಲಿ ಮೇಷ್ಟ್ರು ಹೇಳಿಕೊಟ್ಟರು. ಅಜ್ಜಿಗೆ ಅದು ಗೊತ್ತಿರಲಿಲ್ಲ. ಗೊತ್ತಿದ್ದರೂ ನೀಲಿ ಎರಡೇ ಚಿಟಿಕೆ ಹಾಕುತ್ತಿದ್ದರು.

ಆ ಗೋಡೆಗೆ ಇದ್ದದ್ದು ಒಂದೇ ಐಬು, ಒರಗಿದವರ ಬೆನ್ನಿಗೆ ಗುರುತು ಹಚ್ಚಿ ಕಳಿಸುತ್ತಿತ್ತು. ಹಬ್ಬದ ವಾರ ಯಾರು ಯಾರ ಜಗಲಿಯಲ್ಲಿ ಕೂತು ಹರಟೆ ಹೊಡೆದು ಬಂದರು ಅನ್ನುವುದು ಊರಿಗೆಲ್ಲ ಬೆನ್ನಿನಿಂದಲೇ ತಿಳಿಯುತ್ತಿತ್ತು. ನೆಲಕ್ಕೆ ಸಗಣಿ. 2021ರ ಜನವರಿಯಲ್ಲಿ ಖಾದಿ ಆಯೋಗದವರು ಸಗಣಿಯಿಂದ ಮಾಡಿದ ಪೇಂಟ್ ಬಿಡುಗಡೆ ಮಾಡಿದಾಗ ಡಿಸ್ಟೆಂಪರ್ ಲೀಟರಿಗೆ 120 ರೂಪಾಯಿ, ಎಮಲ್ಷನ್ 225 ರೂಪಾಯಿ ಅಂತ ಓದಿದೆ. ಅಜ್ಜಿ ಇದ್ದಿದ್ದರೆ ಕೊಟ್ಟಿಗೆ ಕಡೆ ತಿರುಗಿ ಒಂದು ಕ್ಷಣ ಮನಸ್ಸಲ್ಲೇ ಗುಣಾಕಾರ ಮಾಡುತ್ತಿದ್ದರು.

ಮೈಸೂರಿನ ಮನೆಗೂ ಸುಣ್ಣವೇ ಸಾಕಲ್ಲ ಎಂದೆ. ಹೆಂಡತಿ ಉತ್ತರ ಕೊಡಲಿಲ್ಲ, ಚಿಕ್ಕಮ್ಮ ಕೂತಿದ್ದ ಸೋಫಾದ ಕಡೆ ನೋಡಿದಳು. ಅದೂ ಅಲ್ಲದೆ ಒಮ್ಮೆ ಪ್ಲಾಸ್ಟಿಕ್ ಪೇಂಟಿನ ರುಚಿ ಕಂಡ ಗೋಡೆಗೆ ಸುಣ್ಣ ಹಿಡಿಯುವುದಿಲ್ಲ. (ತಿರುಗುಮುರುಗಾಗಿಯೂ ಇದು ನಿಜ. ಅಗ್ರಹಾರದ ಹಳೇ ಮನೆಗಳ ಗಾರೆ ಗೋಡೆಗೆ ಹೊಳೆಯುವ ಪೇಂಟ್ ಬಳಿಸಿದವರನ್ನು ಕೇಳಿ ನೋಡಿ. ಒಳಗಿನ ತೇವ ಹೊರಹೋಗಲು ದಾರಿಯಿಲ್ಲದೆ ಬಣ್ಣ ಉಬ್ಬಿ, ಅಂಗೈ ಅಗಲದ ಹಾಳೆಗಳಾಗಿ ಬಿಡುತ್ತದೆ.) ಹಾಗಾಗಿ ಮೇಸ್ತ್ರಿಗೆ ಫೋನ್ ಹೋಯಿತು.

ಮೇಸ್ತ್ರಿ ಬಂದವರು ಬಣ್ಣದ ಮಾತೇ ಎತ್ತಲಿಲ್ಲ. ಕಲ್ಲಂಗಡಿ ಕೊಳ್ಳುವವರ ಹಾಗೆ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಾ, ಕಿವಿಗೊಡುತ್ತಾ ಹಾಲಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಒಂದು ಕಡೆ ನಿಂತು, "ಇಲ್ಲಿ ಪೊಳ್ಳದೆ ಸಾರ್. ಪ್ಲಾಸ್ಟರ್ ಬುಟ್ಟುಬುಟ್ಟದೆ" ಎಂದರು. ನಾನೂ ತಟ್ಟಿದೆ. ನನಗೆ ಎಲ್ಲ ಕಡೆ ಒಂದೇ ಸದ್ದು. ಬಚ್ಚಲುಮನೆಯ ಹಿಂಬದಿಯ ಗೋಡೆ ಕಂಡಾಗ ಅವರ ಮುಖ ಅರಳಿತು. ಅಲ್ಲಿ ತೇವ ಹತ್ತಿ ಉಪ್ಪೆದ್ದಿತ್ತು. ಉಗುರಿನಿಂದ ಒಂದು ಚೂರು ಕೆರೆದು, ಉದುರಿದ ಬಿಳಿ ಪುಡಿಯನ್ನು ಅಂಗೈಯಲ್ಲಿ ಹಿಡಿದು ನಮ್ಮಿಬ್ಬರಿಗೂ ತೋರಿಸಿದರು.

"ಕಮ್ಮೀಲೂ ಮಾಡ್ಬೋದು, ಜಾಸ್ತೀಲೂ ಮಾಡ್ಬೋದು. ನಿಮಗೆಂಗೆ ಬೇಕು ಸಾರ್?"

"ಕಮ್ಮೀಲಿ."

"ಕಮ್ಮೀಲಿ ಮಾಡುದ್ರೆ ಮುಂದಿನ ವರ್ಸ ನನ್ನನ್ನೇ ಬೈತೀರ."

ಇದಕ್ಕೆ ಏನು ಹೇಳಬೇಕೋ ಇವತ್ತಿಗೂ ನನಗೆ ಹೊಳೆದಿಲ್ಲ.

ಆಮೇಲೆ ಅಳತೆ. ರೂಮು ಹತ್ತು ಅಡಿಗೆ ಹನ್ನೆರಡು, ಅಂದರೆ 120 ಚದರಡಿ ಅಂತ ನಾವು ಬ್ಯಾಂಕಿಗೂ ನೆಂಟರಿಗೂ ಹೇಳಿಕೊಂಡು ಬಂದಿರುತ್ತೇವೆ. ಅದು ನೆಲದ ಲೆಕ್ಕ. ಬಣ್ಣದ ಲೆಕ್ಕದಲ್ಲಿ ನಾಲ್ಕು ಗೋಡೆ ಸೇರಿ ಸುತ್ತಳತೆ 44 ಅಡಿ, ಎತ್ತರ ಹತ್ತಡಿ, ಅಲ್ಲಿಗೆ 440, ಮೇಲೆ ಸೂರು 120, ಒಟ್ಟು 560. ಅಗ್ಗದ ಎಮಲ್ಷನ್ನಾದರೆ ಎರಡು ಕೋಟ್ ಹೊಡೆದರೆ ಲೀಟರಿಗೆ ಸುಮಾರು 60-70 ಚದರಡಿ ಬರುತ್ತದೆ, ಅಂದರೆ ಒಂದು ರೂಮಿಗೇ ಎಂಟೊಂಬತ್ತು ಲೀಟರು. "ಬಾಗಿಲು, ಕಿಟಕಿ ಕಳೀಬೇಕಲ್ಲ?" ಎಂದು ನಾನು ನ್ಯಾಯವಾಗಿ ಕೇಳಿದೆ. "ಬಾಗಿಲು ಕಿಟಕಿ ಲೆಕ್ಕಕ್ಕಿಲ್ಲ ಸಾರ್. ಅದರ ಸುತ್ತ ಕಟಿಂಗ್ ಕೆಲಸ, ಅದೇ ಜಾಸ್ತಿ ಟೈಮು." ಸರಿ ಎಂದೆ. ಪಟ್ಟಿಯ ಕೊನೆಗೆ ಬಂದರೆ ಅದೇ ಬಾಗಿಲು ಕಿಟಕಿಗಳು ಎನಾಮಲ್ ಅನ್ನುವ ಹೆಸರಲ್ಲಿ ಬೇರೆ ದರದಲ್ಲಿ ಕೂತಿದ್ದವು. ಗೋಡೆಯೊಳಗೆ ಒಮ್ಮೆ, ಗೋಡೆಯ ಹೊರಗೆ ಒಮ್ಮೆ. ಇಷ್ಟು ದುಡಿಯುವ ಬಾಗಿಲು ನಮ್ಮಲ್ಲಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಆ ಪಟ್ಟಿಯನ್ನು ನಾನು ಪರೀಕ್ಷೆಯ ಪ್ರಶ್ನೆಪತ್ರಿಕೆಗಿಂತ ಶ್ರದ್ಧೆಯಿಂದ ಓದಿದೆ. ಮೊದಲು ಹಳೇ ಬಣ್ಣ ಹೆರೆಯುವುದು. ಪೊಳ್ಳಿರುವ ಕಡೆ ಒಡೆದು ಸಿಮೆಂಟು. ಬಿರುಕಿಗೆ ಲಪ್ಪ. ಆಮೇಲೆ ಪುಟ್ಟಿ, 40 ಕಿಲೋ ಚೀಲದ ಲೆಕ್ಕದಲ್ಲಿ. ಪುಟ್ಟಿ ಒಣಗಿದ ಮೇಲೆ ಪೇಪರ್ ಹಾಕಿ ಉಜ್ಜುವುದು. ಮತ್ತೊಂದು ಕೈ ಪುಟ್ಟಿ. ಮತ್ತೆ ಪೇಪರು. ಪ್ರೈಮರು. ಇಷ್ಟೆಲ್ಲ ಆದಮೇಲೆ ಕೊನೇ ಸಾಲಿನಲ್ಲಿ, ಕಾಗದದಲ್ಲಿ ಜಾಗ ಸಾಲದೆ ಚಿಕ್ಕದಾಗಿ, ಬಣ್ಣ. ಅಗ್ಗದಲ್ಲಿ ಬಣ್ಣ ಹೊಡೆಸುವುದು ಕಷ್ಟವಲ್ಲ ಸ್ವಾಮಿ, ಬಣ್ಣ ಅಗ್ಗವೇ. ಗೋಡೆ ದುಬಾರಿ. ಮೂರು ದಶಕದ ಮಳೆ, ಮಕ್ಕಳ ಕ್ರಿಕೆಟ್ ಚೆಂಡು, ಕ್ಯಾಲೆಂಡರಿಗೆ ಹೊಡೆದ ಮೊಳೆ, ತಲೆಗೆಣ್ಣೆಯ ಒರಗು, ಎಲ್ಲದಕ್ಕೂ ಒಟ್ಟಿಗೆ ಬಿಲ್ಲು ಬರುತ್ತದೆ.

ಪ್ರೈಮರ್ ಯಾಕೆ ಎಂದು ಕೇಳಿದ್ದಕ್ಕೆ ಮೇಸ್ತ್ರಿ, "ಗೋಡೆ ಕುಡಿಯುತ್ತೆ ಸಾರ್" ಎಂದರು. ಅದು ನಿಜವೇ. ಹೊಸ ಪುಟ್ಟಿ ಬಣ್ಣದಲ್ಲಿನ ನೀರನ್ನು ಗಬಗಬ ಎಳೆದುಕೊಳ್ಳುತ್ತದೆ. ಪ್ರೈಮರ್ ಅದರ ಬಾಯಾರಿಕೆ ತಣಿಸದಿದ್ದರೆ ದುಬಾರಿ ಬಣ್ಣವೇ ಆ ಕೆಲಸ ಮಾಡಬೇಕು. ಆದರೆ ಎರಡನೇ ಪುಟ್ಟಿ ಚೀಲ ಬೇಕೆಂದಾಗಲೂ ಅದೇ ಉತ್ತರ: ಗೋಡೆ ಕುಡಿಯುತ್ತೆ. ಅಂದಾಜಿಗಿಂತ ಹೆಚ್ಚು ಬಣ್ಣ ಹೋದಾಗಲೂ ಗೋಡೆಯೇ ಕುಡಿದಿತ್ತು. "ಇಷ್ಟು ವರ್ಷ ಅದಕ್ಕೆ ಒಂದು ತೊಟ್ಟೂ ಕೊಟ್ಟಿಲ್ಲವಲ್ಲ ನೀವು, ಕುಡೀದೆ ಏನ್ಮಾಡುತ್ತೆ" ಎಂದು ಹೆಂಡತಿ ಗೋಡೆಯ ಪರ ವಹಿಸಿದಳು.

ಬಣ್ಣ ಆರಿಸುವ ವಿಷಯ ಜಾಸ್ತಿ ಹೇಳುವುದಿಲ್ಲ, ಎಲ್ಲರ ಮನೆಯಲ್ಲೂ ಆ ಜಗಳ ನಡೆದಿರುತ್ತದೆ. ಅಂಚೆಚೀಟಿಯಷ್ಟಗಲದ ಚೌಕ ನೋಡಿ ಹತ್ತಡಿ ಗೋಡೆಯ ಭವಿಷ್ಯ ಹೇಳಬೇಕು. ಕಾರ್ಡಿನಲ್ಲಿ ತೆಳುವಾಗಿ ಕಂಡದ್ದು ಗೋಡೆ ತುಂಬ ಹರಡಿದಾಗ ಕಡುವಾಗುತ್ತದೆ. ಬೆಳಿಗ್ಗೆ ಒಂದು ಬಣ್ಣ, ಟ್ಯೂಬ್‌ಲೈಟಿಗೆ ಇನ್ನೊಂದು. ಮಗ ಕಡುನೀಲಿ ಬೇಕೆಂದ. ಕಡು ಬಣ್ಣಕ್ಕೆ ದರವೂ ಹೆಚ್ಚು, ಕೋಟೂ ಹೆಚ್ಚು ಎಂದು ಅಂಗಡಿಯವರು ಹೇಳಿದ ಮೇಲೆ ಅವನ ಸೌಂದರ್ಯಪ್ರಜ್ಞೆಯನ್ನು ನಾನು ಖಂಡಿಸಿದೆ. ಕೊನೆಗೆ ಗೋಡೆಯ ಮೇಲೆ ಆಗಲೇ ಇದ್ದ ಕೆನೆ ಬಣ್ಣಕ್ಕೇ ಬಂದು ನಿಂತೆವು. ಹಣ ಉಳಿಸಬೇಕು ಅನ್ನುವವರಿಗೆ ನನ್ನದೊಂದು ಸಲಹೆ ಇದೇ: ಇದ್ದ ಬಣ್ಣವನ್ನೇ ಹೊಡೆಸಿ, ಸೂರಿಗೆ ಬರೀ ಬಿಳಿ, ಲೀಟರ್ ಡಬ್ಬ ಬೇಡ, 20 ಲೀಟರಿನ ಬಕೆಟ್ ಕೊಳ್ಳಿ. ದಸರಾ, ದೀಪಾವಳಿ ಮುಂದೆ ಪೇಂಟರು ಕೈಗೆ ಸಿಗುವುದಿಲ್ಲ, ಮಳೆ ಕುಡಿದ ಗೋಡೆಯೂ ಒಣಗಿರುವುದಿಲ್ಲ. ಶಿವರಾತ್ರಿ ಆಸುಪಾಸಿನಲ್ಲಿ ಇಬ್ಬರೂ ಬಿಡುವಾಗಿರುತ್ತಾರೆ.

ಯಾವ ಕಂಪನಿ ಅನ್ನುವುದನ್ನು ಮಾತ್ರ ಮೇಸ್ತ್ರಿ ನಮಗೆ ಬಿಡಲಿಲ್ಲ. ಬಕೆಟ್ಟಿನ ಮುಚ್ಚಳ ತೆಗೆಯುವಾಗಲೂ ಹುಡುಗರನ್ನು ಆಚೆ ಸರಿಸಿ ತಾವೇ ಕೂರುತ್ತಿದ್ದರು. ಆಮೇಲೆ ತಿಳಿಯಿತು, ಒಳಗೆ ಪೇಂಟರಿಗೆಂದು ಟೋಕನ್ ಇರುತ್ತದಂತೆ, ಅದಕ್ಕೆ ದುಡ್ಡಿದೆಯಂತೆ. ನಮ್ಮ ಬಕೆಟ್ಟು, ಅವರ ಟೋಕನ್ನು. ಮೊದಲು ಹೊಟ್ಟೆ ಉರಿಯಿತು. ಸ್ಟೂಲಿನ ಮೇಲೆ ನಿಂತು, ಕತ್ತು ಹಿಂದಕ್ಕೆ ವಾಲಿಸಿ, ತಲೆಗೆ ಪೇಪರ್ ಟೋಪಿ ಇಟ್ಟು ದಿನವಿಡೀ ಸೂರು ಬಳಿದದ್ದನ್ನು ನೋಡಿದ ಮೇಲೆ, ಟೋಕನ್ನು ಎರಡಿಟ್ಟರೂ ತಪ್ಪಿಲ್ಲ ಅನ್ನಿಸಿತು.

ಉಳಿತಾಯದ ನನ್ನ ಸ್ವಂತ ಪಾಲು ಸ್ಟೋರ್ ರೂಮು. ಅದನ್ನು ನಾನೇ ಬಳಿಯುತ್ತೇನೆ ಎಂದು ಪಟ್ಟಿಯಿಂದ ಹೊಡೆಸಿ ಹಾಕಿದೆ. ಯಾರು ಬೇಕಾದರೂ ಬಣ್ಣ ಹೊಡೆಯಬಹುದು ಅನ್ನುವ ಧೈರ್ಯ ನನಗೆ ಬಂದದ್ದು ಗಟ್ಟುವಿನಿಂದ ಇರಬೇಕು. 1954ರಲ್ಲಿ ನಮ್ಮ ಮೈಸೂರಿನವರೇ ಆದ ಆರ್. ಕೆ. ಲಕ್ಷ್ಮಣ್ ಏಷ್ಯನ್ ಪೇಂಟ್ಸಿಗೆ ಬರೆದುಕೊಟ್ಟ ಆ ತುಂಟ ಹುಡುಗನ ಕೈಲಿ ಬಣ್ಣ ಸೋರುವ ಬ್ರಷ್ಷು, ಕಣ್ಣಿಗೆ ಬಿದ್ದ ಕೂದಲು. ಅವನ ಕೈಲಿ ಉಜ್ಜುಕಾಗದ ಯಾಕೆ ಕೊಡಲಿಲ್ಲ ಅಂತ ಈಗ ಅರ್ಥವಾಯಿತು. ಪುಟ್ಟಿ ಉಜ್ಜುವುದು ಚಿತ್ರಕ್ಕೆ ಒಗ್ಗುವ ಕೆಲಸವಲ್ಲ. ಕೈ ಒಂದೇ ಸಮನೆ ವೃತ್ತ ತಿರುಗಬೇಕು. ಹಿಟ್ಟಿನಷ್ಟು ನಯವಾದ ದೂಳು ರೆಪ್ಪೆಯ ಮೇಲೆ, ಕಿವಿಯೊಳಗೆ, ಕನ್ನಡಕದ ಎರಡೂ ಮಗ್ಗುಲಿಗೆ ಕೂರುತ್ತದೆ. ನುಣುಪಾಯಿತೆಂದು ಕೈಯಾಡಿಸಿದರೆ ಎಲ್ಲೋ ಒಂದು ಗೀರು ಬೆರಳಿಗೆ ಸಿಗುತ್ತದೆ. ಹಳೇ ಮನೆಯವರು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಮಕ್ಕಳನ್ನು ದೂರವಿಡಿ. ಪೇಂಟಿನಲ್ಲಿ ಸೀಸ 90 ಪಿಪಿಎಂ ದಾಟಬಾರದೆಂಬ ನಿಯಮ ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೂ ಹಿಂದಿನ ಎನಾಮಲ್ಲಿನಲ್ಲಿ ಏನೇನಿತ್ತೋ. ನನ್ನ ಸ್ಟೋರ್ ರೂಮಿನ ಬಗ್ಗೆ ಈವರೆಗೆ ಯಾರೂ ದೂರು ಹೇಳಿಲ್ಲ. ಅಲ್ಲಿ ಬಲ್ಬ್ ಹಾಕಿಸಬೇಕೆಂದು ಹೆಂಡತಿ ಹೇಳುತ್ತಿರುತ್ತಾಳೆ, ನಾನು ಒಪ್ಪಿಲ್ಲ.

ನನಗೆ ಅರ್ಥವಾಗದ ವಿಷಯ ಇನ್ನೊಂದಿದೆ. 1937ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಬಣ್ಣದ ಕಾರ್ಖಾನೆ, ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, ನಮ್ಮೂರಲ್ಲೇ ಇದೆ. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಹಚ್ಚುವ ಶಾಯಿ ಅವರದ್ದು. ಸೋಪು, ಸೀಗೆಪುಡಿ, ಸೀಮೆಎಣ್ಣೆ ಯಾವುದಕ್ಕೂ ಜಗ್ಗದೆ ಅದು ವಾರಗಟ್ಟಲೆ ಬೆರಳಲ್ಲಿ ಕೂರುತ್ತದೆ. ಅದರ ಅರ್ಧ ನಿಷ್ಠೆ ನನ್ನ ಬಚ್ಚಲುಮನೆ ಗೋಡೆಯ ಬಣ್ಣಕ್ಕೆ ಇದ್ದಿದ್ದರೆ ಸಾಕಿತ್ತು.

ಹಾಲ್ ಮುಗಿಯಿತು, ನಿಜಕ್ಕೂ ಚೆನ್ನಾಗಿ ಬಂತು. ತೊಂದರೆ ಶುರುವಾದದ್ದು ಅಲ್ಲಿಂದಲೇ. ನಿನ್ನೆವರೆಗೆ ಬಿಳಿ ಅಂದುಕೊಂಡಿದ್ದ ಸ್ವಿಚ್‌ಬೋರ್ಡುಗಳು ಹಳದಿಯಾಗಿದ್ದವು. ಫ್ಯಾನಿನ ರೆಕ್ಕೆಯ ಅಂಚಿನ ಕಪ್ಪು, ಪರದೆಯ ಮಾಸಲು, ಸೋಫಾದ ಹೊಲಿಗೆ ಬಿಟ್ಟ ಮೂಲೆ, ಎಲ್ಲ ಒಂದೊಂದಾಗಿ ಕಣ್ಣಿಗೆ ಹೊಡೆಯತೊಡಗಿದವು. ಮೇಸ್ತ್ರಿ ಕುಂಚ ತೊಳೆಯುತ್ತಾ, "ಒಳಗೆ ಇಷ್ಟ್ ಮಾಡಿ ಹೊರಗಡೆ ಹಂಗೇ ಬುಟ್ರೆ ಚೆಂದ ಕಾಣಲ್ಲ ಸಾರ್" ಎಂದು ಯಾರಿಗೂ ಅಲ್ಲ ಅನ್ನುವಂತೆ ಹೇಳಿ ಹೋದರು.

ಖಾಲಿ ಬಕೆಟ್ಟುಗಳಿಗೆ ಮೂವರು ವಾರಸುದಾರರು. ಮುಂದಿನ ಮನೆಗೆ ಪುಟ್ಟಿ ಕಲೆಸಲು ಬೇಕು ಅಂತ ಮೇಸ್ತ್ರಿ. "ಅಕ್ಕ, ಒಂದ್ ನಂಗೆ ಮಡಗಿರಿ" ಅಂತ ಮೊದಲ ದಿನವೇ ಹೇಳಿಟ್ಟಿದ್ದ ಕೆಲಸದವರು. ನಲ್ಲಿ ನೀರು ಬರದ ದಿನಕ್ಕೆ ಹಿಡಿದಿಡಲು ಅಂತ ನನ್ನ ಹೆಂಡತಿ. ಕೆಲಸ ಎಷ್ಟು ದಿನ, ದುಡ್ಡು ಎಷ್ಟು ಅನ್ನುವ ಮಾತುಕತೆಗಿಂತ ಈ ಮಾತುಕತೆ ಬಿಗಿಯಾಗಿತ್ತು. ಮುಚ್ಚಳವಿದ್ದದ್ದು ನಮಗೆ ಉಳಿಯಿತು.

ಮೊನ್ನೆ ಪಕ್ಕದ ಮನೆಯವರು ಬಂದರು, ಅವರಿಗೆ ಮಗಳ ಮದುವೆ. ಗೋಡೆಗೆ ಕೈಯಾಡಿಸಿ ಮೆಚ್ಚಿದರು, ಶೇಡ್ ನಂಬರ್ ಬರೆದುಕೊಂಡರು, ಆಮೇಲೆ, "ಒಟ್ಟು ಎಷ್ಟಾಯ್ತು?" ಎಂದರು. ನನ್ನ ಜಾಣ್ಮೆ ತಿಳಿಯಲಿ ಅಂತ ನಾನು ಇಳಿಸಿ ಹೇಳಿದೆ. ಅದೇ ಗಳಿಗೆಯಲ್ಲಿ, ನಮ್ಮ ಅಂತಸ್ತು ತಿಳಿಯಲಿ ಅಂತ ಹೆಂಡತಿ ಏರಿಸಿ ಹೇಳಿದಳು. ಅವರು ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿ, ಪೆನ್ನು ತೆಗೆದು ಮೇಸ್ತ್ರಿಯ ಫೋನ್ ನಂಬರ್ ಕೇಳಿದರು.