ಗೊಣಗಪ್ಪನ ಸೀಟು

ಇಂಗ್ಲೆಂಡಿನ ಹೊಸ ಫುಟ್‌ಬಾಲ್ ಸ್ಟೇಡಿಯಂ ಯಾವುದೇ ಇರಲಿ, ಆಟ ಶುರುವಾಗಿ ಹತ್ತು ನಿಮಿಷ ಕಳೆಯುವುದರೊಳಗೆ ಒಬ್ಬ ಆಸಾಮಿ ಕಣ್ಣಿಗೆ ಬಿದ್ದೇ ಬೀಳುತ್ತಾನೆ. ಕೊರಳಲ್ಲಿ ಬಣ್ಣ ಬಿಟ್ಟ ಉಣ್ಣೆಯ ಸ್ಕಾರ್ಫು, ಎದೆಗೆ ಕಟ್ಟಿದ ಕೈ, ಇಷ್ಟು ದುಡ್ಡು ಸುರಿದು ಬಂದದ್ದು ಸಂತೋಷಪಡುವುದಕ್ಕಲ್ಲ ಎಂದು ಸಾರುವ ಮುಖ. ಆತನನ್ನು ಸದ್ಯಕ್ಕೆ ಗೊಣಗಪ್ಪ ಎನ್ನೋಣ. ಕಾಲು ಚಾಚುವಷ್ಟು ಜಾಗವಿದೆ ಎಂಬುದು ಆತನ ಮೊದಲ ದೂರು. ಬಿಯರ್ ಬೇಗ ಸಿಗುತ್ತದೆ ಎಂಬುದು ಎರಡನೆಯದು. ಶೌಚಾಲಯದ ನಲ್ಲಿಯಲ್ಲಿ ಬಿಸಿನೀರು ಬಂದರಂತೂ ಇದರ ಹಿಂದೆ ಏನೋ ಹುನ್ನಾರವಿದೆ ಎಂದು ಗುಮಾನಿ ಪಡುತ್ತಾನೆ. ಹಳೆಯ ಮೈದಾನದಲ್ಲಿ ಮಳೆ ಬಂದರೆ ನೆನೆಯುತ್ತಿದ್ದೆವು, ಈಗ ನೆನೆಯಲೂ ಬಿಡುವುದಿಲ್ಲ ಎನ್ನುತ್ತಾನೆ. ಗೊಣಗಮ್ಮಂದಿರು ಇಲ್ಲವೆಂದಲ್ಲ, ಇದ್ದಾರೆ. ಆದರೆ ಹಳೆಯ ಮೈದಾನಗಳಲ್ಲಿ ಹೆಂಗಸರ ಶೌಚಾಲಯವನ್ನು ಹುಡುಕುವುದೇ ಒಂದು ಸಾಹಸವಾಗಿದ್ದರಿಂದ ಅವರ ಹಳಹಳಿಕೆಗೆ ಒಂದು ಮಿತಿಯಿದೆ. ಗೊಣಗಪ್ಪನಿಗೆ ಅಂಥ ಮಿತಿಯೇನೂ ಇಲ್ಲ.

ಆತನನ್ನು ಕಂಡವರು ಸಾಮಾನ್ಯವಾಗಿ ಎರಡರಲ್ಲಿ ಒಂದು ತೀರ್ಪು ಕೊಟ್ಟು ಮುಗಿಸುತ್ತಾರೆ: ಹಳೆಯದೆಲ್ಲ ಚಿನ್ನ ಎನ್ನುವ ಮುದಿಗೊರಗು, ಇಲ್ಲವೇ ಕೊಟ್ಟ ದುಡ್ಡಿಗೆ ತಕ್ಕುದು ಸಿಗದ ಗಿರಾಕಿಯ ಸಿಟ್ಟು. ಎರಡೂ ತಪ್ಪು ಎಂದು ನನ್ನ ವಾದ. ಆತ ಕೊಡುವ ಕಾರಣಗಳಲ್ಲಿ ಮುಕ್ಕಾಲು ಪಾಲು ಪೊಳ್ಳು, ಆದರೆ ಗೊಣಗಾಟ ಮಾತ್ರ ಅಪ್ಪಟ. ಹೊಸ ಸ್ಟೇಡಿಯಂ ಕಟ್ಟಿದವರು ಆತನನ್ನು ಪ್ರೇಕ್ಷಕ ಎಂದು ಲೆಕ್ಕ ಹಾಕಿ ಕಟ್ಟಿದ್ದಾರೆ. ಆತನೋ ಇಷ್ಟು ವರ್ಷ ತಾನು ಹಿಮ್ಮೇಳದವನು ಎಂದೇ ತಿಳಿದಿದ್ದವನು. ಚೆಂಡೆ ಬಾರಿಸುತ್ತಿದ್ದವನನ್ನು ಏಕಾಏಕಿ ರಂಗಸ್ಥಳದಿಂದ ಇಳಿಸಿ, ಮೊದಲ ಸಾಲಿನ ಕುರ್ಚಿ ತೋರಿಸಿ, ಕೈಗೊಂದು ತಂಪು ಪಾನೀಯ ಕೊಟ್ಟು, ಆರಾಮಾಗಿ ಕೂತು ನೋಡಿ ಸ್ವಾಮಿ ಎಂದರೆ ಆತ ಕುರ್ಚಿಯಲ್ಲಿ ಕೊಂಕು ಹುಡುಕದೆ ಇನ್ನೇನು ಮಾಡುತ್ತಾನೆ?

ಕಾರಣಗಳು ಪೊಳ್ಳು ಎಂದೆನಲ್ಲ, ಅದಕ್ಕೆ ಪುರಾವೆ ಆರ್ಸೆನಲ್ ಕ್ಲಬ್ಬಿನ ಇತಿಹಾಸದಲ್ಲೇ ಇದೆ. ಉತ್ತರ ಲಂಡನ್ನಿನ ಹೈಬರಿ ಮೈದಾನದಲ್ಲಿ ಮೂವತ್ತೆಂಟು ಸಾವಿರ ಜನ ಹಿಡಿಯುತ್ತಿದ್ದರು. 2006ರಲ್ಲಿ ಕ್ಲಬ್ಬು ಅಲ್ಲಿಂದ ಕೂಗಳತೆಯ ದೂರದಲ್ಲಿ ಅರವತ್ತು ಸಾವಿರ ಜನ ಕೂರುವ ಎಮಿರೇಟ್ಸ್ ಸ್ಟೇಡಿಯಮ್ಮಿಗೆ ಬಂತು. ಬಂದದ್ದೇ ತಡ, ಹೊಸ ಜಾಗದಲ್ಲಿ ಸದ್ದಿಲ್ಲ, ಜೀವವಿಲ್ಲ ಎಂಬ ಗೊಣಗಾಟ ಶುರುವಾಯಿತು. ತಮಾಷೆಯೆಂದರೆ, ಎದುರು ತಂಡಗಳ ಅಭಿಮಾನಿಗಳು ಹೈಬರಿಯನ್ನು ಬಹಳ ಹಿಂದಿನಿಂದಲೂ ಲೈಬ್ರರಿ ಎಂದೇ ಗೇಲಿ ಮಾಡುತ್ತಿದ್ದರು. ಲೈಬ್ರರಿಯಿಂದ ಹೊರಟು ಬಂದವರು ಹೊಸ ಮನೆಯಲ್ಲಿ ನಿಶ್ಶಬ್ದ ಜಾಸ್ತಿಯಾಯಿತು ಎಂದು ದೂರಿದರು. ಕ್ಲಬ್ಬಿನವರು ಪಾಪ, ಮಾತು ಕೇಳಿಸಿಕೊಂಡರು. 2009ರಿಂದ ಸ್ಟೇಡಿಯಮ್ಮಿಗೆ ನೆನಪು ಲೇಪಿಸುವ ಕೆಲಸ ನಡೆಯಿತು: ಹಿಂದಿನ ಆಟಗಾರರು ಹೆಗಲಿಗೆ ಕೈ ಹಾಕಿ ನಿಂತ ದೈತ್ಯ ಚಿತ್ರಗಳು ಹೊರಗೋಡೆಯನ್ನು ಸುತ್ತಿದವು, ಹಳೆಯ ಮೈದಾನದಲ್ಲಿದ್ದಂಥದೇ ಗಡಿಯಾರ ಒಳಗೆ ಬಂತು, 2011ರ ಕೊನೆಗೆ ಹರ್ಬರ್ಟ್ ಚ್ಯಾಪ್ಮನ್, ಟೋನಿ ಆಡಮ್ಸ್, ಥಿಯರಿ ಆನ್ರಿ ಮೂವರೂ ಕಂಚಿನ ಪ್ರತಿಮೆಗಳಾದರು. ಗೊಣಗಪ್ಪ ಎಲ್ಲವನ್ನೂ ನೋಡಿದ, ಪ್ರತಿಮೆಯ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡ, ಮತ್ತೆ ಹೋಗಿ ಕೈಕಟ್ಟಿ ಕೂತ. ಲಿವರ್‌ಪೂಲಿನ ಎವರ್ಟನ್ ಕ್ಲಬ್ಬಿನದೂ ಇದೇ ಕತೆ. 1892ರಿಂದ ಇದ್ದ ಗುಡಿಸನ್ ಪಾರ್ಕಿನ ಎಷ್ಟೋ ಸೀಟುಗಳಿಗೆ ಕಂಬ ಅಡ್ಡ ಬರುತ್ತಿತ್ತು. ಗೋಲು ಬಿದ್ದದ್ದು ಪಕ್ಕದವನ ಕೇಕೆಯಿಂದ ಗೊತ್ತಾಗಬೇಕಿತ್ತು. ಆ ಕಂಬಕ್ಕೆ ದಶಕಗಟ್ಟಲೆ ಶಾಪ ಹಾಕಿದವರೇ 2025ರ ಮೇ 18ರಂದು, ಪುರುಷರ ತಂಡ ಅಲ್ಲಿ ಕೊನೆಯ ಪಂದ್ಯ ಆಡಿದ ದಿನ, ಕಣ್ಣೊರೆಸಿಕೊಂಡರು. ಕಂಬವಿಲ್ಲದೆ ಇಡೀ ಆಟ ಕಾಣುವ ಹೊಸ ಸ್ಟೇಡಿಯಂ ಬ್ರಾಮ್ಲಿ ಮೂರ್ ಹಡಗುಕಟ್ಟೆಯಲ್ಲಿ ಕಾದಿತ್ತು. ತಮ್ಮ ತಂಡ ಹೇಗೆ ಆಡುತ್ತದೆ ಎಂಬುದನ್ನು ಪೂರ್ತಿಯಾಗಿ ನೋಡಬೇಕಾಗಿ ಬಂದದ್ದೂ ಕಣ್ಣೀರಿಗೆ ಒಂದು ಕಾರಣವಿರಬಹುದು.

ಇಲ್ಲಿ ನಗು ನಿಲ್ಲಿಸಿ ಉತ್ತರಿಸಬೇಕಾದ ಆಕ್ಷೇಪವೊಂದಿದೆ. ಹಳೆಯ ಮೈದಾನಗಳು ಬರೀ ಅನನುಕೂಲದ ಜಾಗಗಳಾಗಿರಲಿಲ್ಲ, ಜನರನ್ನು ಕೊಂದಿವೆ. 1985ರ ಮೇ 11ರಂದು ಬ್ರಾಡ್‌ಫರ್ಡಿನಲ್ಲಿ ಮರದ ಸ್ಟ್ಯಾಂಡಿಗೆ ಬೆಂಕಿ ಬಿದ್ದು 56 ಜನ ಸತ್ತರು. 1989ರ ಏಪ್ರಿಲ್ 15ರಂದು ಷೆಫೀಲ್ಡಿನ ಹಿಲ್ಸ್‌ಬರೋದಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಜೀವ ತೆತ್ತವರು 97. ಅದರ ವಿಚಾರಣೆ ನಡೆಸಿದ ನ್ಯಾಯಮೂರ್ತಿ ಟೇಲರ್ ಅವರ 1990ರ ವರದಿಯಿಂದಾಗಿಯೇ ಮೇಲಿನ ಎರಡು ದರ್ಜೆಯ ಕ್ಲಬ್ಬುಗಳು ನಿಲ್ಲುವ ಜಾಗ ತೆಗೆದು ಎಲ್ಲ ಕಡೆ ಸೀಟು ಹಾಕಿದ್ದು. ಹೀಗಿರುವಾಗ ಹಳೆಯದಕ್ಕೆ ಹಂಬಲಿಸುವುದು ಬೇಜವಾಬ್ದಾರಿಯಲ್ಲವೇ? ಗೊಣಗಪ್ಪನ ಪರ ಹೇಳಬೇಕೆಂದರೆ, ಹಿಲ್ಸ್‌ಬರೋದ ಮಾತು ಬಂದಾಗ ಆತ ಗೊಣಗುವುದಿಲ್ಲ, ಆತನ ತಕರಾರು ಸುರಕ್ಷತೆಯ ಜೊತೆಗಲ್ಲ, ಅದರ ಬೆನ್ನಿಗೇ ಬಂದ ಬಿಲ್ಲಿನ ಜೊತೆ. ಇದರಲ್ಲಿ ಟೇಲರ್ ವರದಿ ಆತನ ಕಡೆಗೇ ಇದೆ. ಸೀಟು ಹಾಕಿದ ಮಾತ್ರಕ್ಕೆ ದರ ಕೈಗೆಟುಕದಂತಾಗಬೇಕಿಲ್ಲ ಎನ್ನುವುದಕ್ಕೆ ವರದಿ ಗ್ಲಾಸ್ಗೋದ ಐಬ್ರಾಕ್ಸ್ ಮೈದಾನವನ್ನು ಉದಾಹರಿಸಿತ್ತು: ಅಲ್ಲಿ ಕೂತು ನೋಡಲು 6 ಪೌಂಡ್, ನಿಂತು ನೋಡಲು 4. ಕ್ಲಬ್ಬುಗಳು ವರದಿಯಲ್ಲಿ ಸೀಟಿನ ಪುಟವನ್ನು ಶ್ರದ್ಧೆಯಿಂದ ಓದಿದವು, ದರದ ಪುಟ ಬಂದಾಗ ಕನ್ನಡಕ ಎಲ್ಲೋ ಕಳೆದುಹೋಯಿತು.

ಪ್ರೇಕ್ಷಕನನ್ನು ಗಿರಾಕಿಯಾಗಿ ಕಾಣುವ ಕಲೆ ಸಿದ್ಧಿಸಿದ್ದನ್ನು ನೋಡಬೇಕೆಂದರೆ ಟಾಟನಂ ಹಾಟ್‌ಸ್ಪರ್ ಸ್ಟೇಡಿಯಮ್ಮಿಗೆ ಹೋಗಬೇಕು. 2019ರ ಏಪ್ರಿಲ್‌ನಲ್ಲಿ ತೆರೆದ ಇದರಲ್ಲಿ 62,850 ಜನ ಕೂರುತ್ತಾರೆ. ಹುಲ್ಲುಹಾಸನ್ನು ಮೂರು ತುಂಡು ಮಾಡಿ ಒಳಗೆ ಸರಿಸಿದರೆ ಕೆಳಗೆ ಅಮೆರಿಕನ್ ಫುಟ್‌ಬಾಲಿನ ನೆಲ ಸಿದ್ಧವಿದೆ. ಬಿಯರು ಲೋಟಕ್ಕೆ ಮೇಲಿನಿಂದ ಬೀಳುವುದಿಲ್ಲ, ತಳದಿಂದ ಉಕ್ಕುತ್ತದೆ. ತುಂಬಿದ ಮೇಲೆ ತಳದ ತೂತನ್ನು ಅಯಸ್ಕಾಂತದ ಬಿಲ್ಲೆ ಮುಚ್ಚುತ್ತದೆ. ಗೊಣಗಪ್ಪ ಇದನ್ನು ಬಾಯಿ ತುಂಬ ಬೈಯುತ್ತಾನೆ, ಆದರೆ ಲೋಟ ತುಂಬುವುದನ್ನು ನೋಡುವಾಗ ರೆಪ್ಪೆ ಹೊಡೆಯುವುದಿಲ್ಲ. ಇಷ್ಟೆಲ್ಲ ಯಂತ್ರೋಪಾಯವಿದ್ದರೂ 1985ರ ಕಾನೂನಿನ ಪ್ರಕಾರ ಆಟ ಕಾಣುವ ಜಾಗದಲ್ಲಿ ಮದ್ಯ ಕುಡಿಯುವ ಹಾಗಿಲ್ಲ. ಹಾಗಾಗಿ ನಲವತ್ತನೇ ನಿಮಿಷ ಆಗುತ್ತಿದ್ದಂತೆ ಸಾಲು ಸಾಲು ಜನ ಎದ್ದು ಒಳಗಿನ ಓಣಿಗೆ ಇಳಿಯುತ್ತಾರೆ, ಅರ್ಧವಿರಾಮದ ಕ್ಯೂ ತಪ್ಪಿಸಿಕೊಳ್ಳಲು. ಗೋಲು ಬಿದ್ದ ಸದ್ದು ಅವರಿಗೆ ಕೇಳಿಸುವುದು ಲೋಟ ಕೈಗೆ ಬರುವ ಹೊತ್ತಿಗೆ. ದುಬಾರಿ ದರ್ಜೆಯವರದು ಇನ್ನೂ ನೆಮ್ಮದಿಯ ಬದುಕು. ಅರ್ಧವಿರಾಮ ಮುಗಿದು ಆಟ ಮತ್ತೆ ಶುರುವಾದಾಗ ನಡುವಣ ಅಂತಸ್ತಿನ ಸೀಟುಗಳು ಬಾಯಿ ತೆರೆದು ಖಾಲಿ ಬಿದ್ದಿರುವುದು ಎಮಿರೇಟ್ಸ್‌ನ ಪಂದ್ಯಗಳನ್ನು ಟಿವಿಯಲ್ಲಿ ನೋಡಿದವರಿಗೆಲ್ಲ ಗೊತ್ತಿರುವ ದೃಶ್ಯ. ಊಟ ಚೆನ್ನಾಗಿರುತ್ತದಂತೆ.

ಅಷ್ಟು ಬೇಸರವಿದ್ದರೆ ಬರುವುದೇಕೆ, ಮನೆಯಲ್ಲಿರಬಾರದೇ ಎಂಬುದು ಮುಂದಿನ ಆಕ್ಷೇಪ. ಮೇಲ್ನೋಟಕ್ಕೆ ಇದು ಗಟ್ಟಿ ಪ್ರಶ್ನೆ, ಒಳಹೊಕ್ಕರೆ ನನ್ನ ವಾದಕ್ಕೇ ಆಧಾರ. ದೋಸೆ ಸರಿಯಿಲ್ಲದಿದ್ದರೆ ಗಿರಾಕಿ ಎದುರಿನ ಹೋಟೆಲಿಗೆ ಹೋಗುತ್ತಾನೆ. ಆರ್ಸೆನಲ್ ಸೋತಿತೆಂದು ಯಾವ ಗೊಣಗಪ್ಪನೂ ಮುಂದಿನ ಶನಿವಾರ ಟಾಟನಂ ಗೇಟಿನಲ್ಲಿ ನಿಂತ ದಾಖಲೆಯಿಲ್ಲ. ಪ್ರತಿ ಬೇಸಿಗೆಯಲ್ಲೂ ಇದೇ ಕೊನೆ ಎಂದು ಶಪಥ ಮಾಡಿ, ಸೀಸನ್ ಟಿಕೆಟ್ಟಿನ ಕೊನೆಯ ದಿನ ರಾತ್ರಿ ದುಡ್ಡು ಕಟ್ಟುತ್ತಾನೆ. ಆತ ಬಿಟ್ಟ ಸೀಟಿಗೆ ಸಾವಿರಾರು ಜನ ಕಾದಿರುವಾಗ ಬಹಿಷ್ಕಾರದ ಬೆದರಿಕೆಗೆ ಬೆಲೆಯೂ ಇಲ್ಲ. ಇನ್ನು ಆತನ ಕೈಯಲ್ಲಿ ಉಳಿಯುವುದು ಒಂದೇ ಅಸ್ತ್ರ, ಒಳಗೇ ಇದ್ದು ರಗಳೆ ಮಾಡುವುದು. ಈ ಅಸ್ತ್ರ ಮೊಂಡೇನಲ್ಲ. ಲಿವರ್‌ಪೂಲ್ ಕ್ಲಬ್ಬು ಆನ್‌ಫೀಲ್ಡಿನಲ್ಲಿ ದೊಡ್ಡ ಸ್ಟ್ಯಾಂಡ್ ಕಟ್ಟಿಸುತ್ತಿದ್ದಾಗ ಮುಂದಿನ ಋತುವಿಗೆ ಅತಿ ಹೆಚ್ಚಿನ ಟಿಕೆಟ್ ದರ 77 ಪೌಂಡ್ ಎಂದು ಪ್ರಕಟಿಸಿತು. 2016ರ ಫೆಬ್ರವರಿ 6ರಂದು ಸಂಡರ್ಲೆಂಡ್ ವಿರುದ್ಧದ ಪಂದ್ಯದಲ್ಲಿ, ಸರಿಯಾಗಿ 77ನೇ ನಿಮಿಷಕ್ಕೆ, ಅಂದಾಜು ಹತ್ತು ಸಾವಿರ ಜನ ಎದ್ದು ಹೊರನಡೆದರು. ಅವರು ಏಳುವಾಗ ಲಿವರ್‌ಪೂಲ್ 2-0 ಮುಂದಿತ್ತು. ಅವರ ಬೆನ್ನ ಹಿಂದೆ ಸಂಡರ್ಲೆಂಡ್ ಎರಡು ಗೋಲು ಹೊಡೆದು ಪಂದ್ಯ ಸಮ ಮಾಡಿತು. ನಾಲ್ಕೇ ದಿನಕ್ಕೆ ಮಾಲೀಕರು ಕ್ಷಮೆ ಕೇಳಿ ದರ ಹಿಂತೆಗೆದುಕೊಂಡರು. ದರವೂ ಇಳಿಯಿತು, ತಮ್ಮ ತಂಡ ಮುಗ್ಗರಿಸುವುದನ್ನು ನೋಡುವ ನೋವೂ ತಪ್ಪಿತು. ಗೊಣಗಪ್ಪನ ಬಾಳಿನಲ್ಲಿ ಇಂಥ ಸಂಪೂರ್ಣ ಯಶಸ್ಸಿನ ಮಧ್ಯಾಹ್ನ ಇನ್ನೊಂದಿಲ್ಲ.

ಹಿಮ್ಮೇಳವೆಂಬುದು ಬರೀ ಆತನ ಭ್ರಮೆ, ಆಟ ನಡೆಯುವುದು ಆಟಗಾರರಿಂದ, ದುಡ್ಡು ಬರುವುದು ಟಿವಿಯಿಂದ ಎನ್ನುವವರಿದ್ದಾರೆ. ಲೆಕ್ಕಪತ್ರದ ಮಟ್ಟಿಗೆ ಮಾತು ಸರಿ. ಆದರೆ 2020ರಲ್ಲಿ ಕೋವಿಡ್ಡೇ ಒಂದು ಪರೀಕ್ಷೆ ನಡೆಸಿಕೊಟ್ಟಿತು. ಆ ಜೂನ್ 17ರಿಂದ ಪ್ರೀಮಿಯರ್ ಲೀಗ್ ಖಾಲಿ ಸ್ಟೇಡಿಯಮ್ಮುಗಳಲ್ಲಿ ಮತ್ತೆ ಶುರುವಾಯಿತು. ಆಟಗಾರರಿದ್ದರು, ಕ್ಯಾಮೆರಾಗಳಿದ್ದವು, ಚೆಂಡು ಒದ್ದ ಸದ್ದು, ಕೋಚುಗಳ ಬೈಗುಳ ಎಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ಅಷ್ಟು ಸ್ಪಷ್ಟತೆಯನ್ನು ವೀಕ್ಷಕರು ತಡೆಯಲಾರರು ಎಂದು ಟಿವಿಯವರಿಗೆ ಗೊತ್ತಿತ್ತು. ಸ್ಕೈ ವಾಹಿನಿ ವಿಡಿಯೊ ಗೇಮ್ ಕಂಪನಿಯೊಂದರ ನೆರವಿನಿಂದ ಜನಸಂದಣಿಯ ಧ್ವನಿಮುದ್ರಿಕೆ ತಂದು ಆಟದ ಮೇಲೆ ಹೊದಿಸಿತು. ಹಿಂದೊಮ್ಮೆ ಅರಚಿದ್ದ ಗೊಣಗಪ್ಪಂದಿರ ಗಂಟಲನ್ನು ಮನೆಯಲ್ಲಿ ಕೂತ ಗೊಣಗಪ್ಪಂದಿರಿಗೇ ಬಡಿಸಿದ ಹಾಗಾಯಿತು. ಮಾರಾಟಕ್ಕಿಟ್ಟ ಸರಕಿನಲ್ಲಿ ಆತನ ಪಾಲೂ ಉಂಟು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಸಂಬಳ ಕೊಡುವುದಿರಲಿ, ಕೆಲಸಕ್ಕೆ ಬಂದವನಿಂದಲೇ ಪ್ರವೇಶ ಶುಲ್ಕ ವಸೂಲು ಮಾಡುವ ಉದ್ಯಮ ಬೇರೆ ಇದ್ದರೆ ಹೇಳಬೇಕು. ಲೀಗ್ ಕ್ಲಬ್ಬುಗಳು 2016-17ರಿಂದ ಹೊರಊರಿನ ಅಭಿಮಾನಿಗಳ ಟಿಕೆಟ್ಟಿಗೆ 30 ಪೌಂಡಿನ ಮಿತಿ ಹಾಕಿದ್ದರಲ್ಲೂ ಈ ಲೆಕ್ಕ ಇದ್ದೇ ಇದೆ: ಬಸ್ಸು ಹತ್ತಿ ಬಂದ ಆ ಮೂರು ಸಾವಿರ ಜನರ ಗದ್ದಲವಿಲ್ಲದೆ ಪಂದ್ಯ ಪಂದ್ಯದಂತೆ ಕೇಳುವುದಿಲ್ಲ.

ಕಟ್ಟಡಕ್ಕೂ ಗದ್ದಲಕ್ಕೂ ಸಂಬಂಧವೆಷ್ಟು ಎಂಬುದನ್ನು ಅಳೆಯಲು ನಮ್ಮ ಬೆಂಗಳೂರೂ ಒದಗಿ ಬರುತ್ತದೆ. ವೆಸ್ಟ್ ಹ್ಯಾಮ್ ಕ್ಲಬ್ಬು 2016ರಲ್ಲಿ ಅಪ್ಟನ್ ಪಾರ್ಕಿನ ತನ್ನ ಇಕ್ಕಟ್ಟಿನ ಮೈದಾನ ಬಿಟ್ಟು 2012ರ ಒಲಿಂಪಿಕ್ಸಿಗೆ ಕಟ್ಟಿದ ಲಂಡನ್ ಸ್ಟೇಡಿಯಮ್ಮಿಗೆ ಹೋಯಿತು. ಓಟದ ಪಥದಿಂದಾಗಿ ಆಟ ದೂರವಾಯಿತು, ಬೈದರೆ ಆಟಗಾರನಿಗೆ ಕೇಳಿಸುವುದಿಲ್ಲ ಎಂದು ಅಲ್ಲಿಯ ಗೊಣಗಪ್ಪ ಇಂದಿಗೂ ಹಲುಬುತ್ತಾನೆ. 1997ರ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಕಟ್ಟಿದ ಕಂಠೀರವ ಸ್ಟೇಡಿಯಮ್ಮಿನಲ್ಲೂ ಇಂಥದೇ ಪಥವಿದೆ. ಅಶೋಕನಗರದ ಪುಟ್ಟ ಫುಟ್‌ಬಾಲ್ ಮೈದಾನದಲ್ಲಿ ಮೊದಲ ಋತು ಆಡಿದ ಬೆಂಗಳೂರು ಎಫ್‌ಸಿ ಅಲ್ಲಿಗೆ ಬಂದಾಗ ಅಭಿಮಾನಿಗಳಿಗೂ ಆಟ ದೂರವಾಗಿದ್ದಿರಬೇಕು. ಆದರೂ 2016ರ ಅಕ್ಟೋಬರ್‌ನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿ ಎಎಫ್‌ಸಿ ಕಪ್ ಫೈನಲ್ ತಲುಪಿದ ರಾತ್ರಿ ಪಥ ಯಾರ ಬಾಯನ್ನೂ ಕಟ್ಟಿರಲಿಲ್ಲ. ಹಾಗಾದರೆ ಲಂಡನ್ನಿನ ಗೊಣಗಪ್ಪನದು ನೆಪವೇ? ಪೂರ್ತಿ ಅಲ್ಲ. ಬೆಂಗಳೂರಿನಲ್ಲಿ ಅಭಿಮಾನಿಗಳೇ ಒಂದು ಮೂಲೆ ಹಿಡಿದು, ಕೂರುವ ಜಾಗದ ಹೆಸರನ್ನೇ ತಮ್ಮ ಗುಂಪಿಗಿಟ್ಟು ವೆಸ್ಟ್ ಬ್ಲಾಕ್ ಬ್ಲೂಸ್ ಆದರು. ವೆಸ್ಟ್ ಹ್ಯಾಮಿನಲ್ಲಿ ಮೂವತ್ತು ವರ್ಷ ಅಕ್ಕಪಕ್ಕ ನಿಂತವರು ಹೊಸ ಸೀಟಿನ ನಕ್ಷೆಯಲ್ಲಿ ದರದ ಪಟ್ಟಿಗೆ ತಕ್ಕಂತೆ ಚದುರಿಹೋದರು. ಪರಿಚಯವಿಲ್ಲದವರ ನಡುವೆ ಕೂತು ಒಬ್ಬನೇ ಹಾಡಲು ಯಾರಿಗಾದರೂ ಸಂಕೋಚ. ಗೊಣಗುವುದಕ್ಕೆ ಮಾತ್ರ ಶ್ರುತಿ ಹಿಡಿಯುವವರು ಬೇಕಾಗುವುದಿಲ್ಲ.

ಕೊನೆಗೂ ಸರ್ಕಾರಕ್ಕೆ ಈತನ ಒಂದು ಕೂಗು ಮುಟ್ಟಿತು. ಸೀಟು ಹಾಕಿ ಕಾಲು ಶತಮಾನವಾದರೂ ಗೋಲಿನ ಹಿಂದಿನ ಜನ ಕೂರುತ್ತಲೇ ಇರಲಿಲ್ಲ. ಮೇಲ್ವಿಚಾರಕರು ಕೂರಿ ಎನ್ನುವುದು, ಇವರು ಒಂದು ಕ್ಷಣ ಕೂತ ಹಾಗೆ ಮಾಡಿ ಏಳುವುದು ನಡೆದೇ ಇತ್ತು. 2022ರ ಜನವರಿಯಲ್ಲಿ ಚೆಲ್ಸಿ, ಟಾಟನಂ, ಮ್ಯಾಂಚೆಸ್ಟರಿನ ಎರಡು ಕ್ಲಬ್ಬುಗಳು ಮತ್ತು ಕಾರ್ಡಿಫ್‌ನಲ್ಲಿ ನಿಂತು ನೋಡಲು ಪ್ರಾಯೋಗಿಕವಾಗಿ ಪರವಾನಗಿ ಕೊಟ್ಟರು, ಅದೇ ವರ್ಷದ ಮುಂದಿನ ಋತುವಿನಿಂದ ಉಳಿದವರಿಗೂ ಬಾಗಿಲು ತೆರೆಯಿತು. ವ್ಯವಸ್ಥೆ ಸರಳ: ಪ್ರತಿ ಸಾಲಿಗೂ ಸೊಂಟದೆತ್ತರಕ್ಕೆ ಲೋಹದ ಕಂಬಿ, ಅದರ ಹಿಂದೆ ಮಡಚಿಡುವ ಸೀಟು, ಒಬ್ಬರಿಗೆ ಒಂದೇ ಜಾಗ. ಹೀಗೆ ಗೊಣಗಪ್ಪ ಈಗ ಸೀಟಿಗೆ ದುಡ್ಡು ಕೊಟ್ಟು, ಆ ಸೀಟನ್ನು ಮಡಚಿಟ್ಟು, ತೊಂಬತ್ತು ನಿಮಿಷ ಕಾನೂನುಬದ್ಧವಾಗಿ ನಿಂತಿರುತ್ತಾನೆ. ಕೇಳಿದ್ದು ಸಿಕ್ಕಿತಲ್ಲ ಎಂದು ಪಕ್ಕದವನು ಕೇಳಿದರೆ ಆತನ ಬಳಿ ಉತ್ತರ ಸಿದ್ಧವಿದೆ: ಹಿಂದೆಲ್ಲ ಕೂರಿ ಎಂದು ಬೈಯುವವನೊಬ್ಬನಾದರೂ ಇದ್ದ, ಈಗ ನಿಂತರೂ ಯಾರೂ ಕೇಳುವವರಿಲ್ಲ.