ನೆಮ್ಮದಿಯ ಸಾವು (ಮಾದರಿ ಸಂಖ್ಯೆ 05): ಬಳಕೆದಾರರ ಕೈಪಿಡಿ



ಆರೋಗ್ಯ ವಿಮೆ ಕೊಂಡದ್ದಕ್ಕೆ ಅಭಿನಂದನೆಗಳು. ವರ್ಷ ತಪ್ಪದೆ ಪ್ರೀಮಿಯಂ ಕಟ್ಟಿದ್ದೀರಿ, ದರ ಏರಿದಾಗ ಗೊಣಗಿಯೂ ಕಟ್ಟಿದ್ದೀರಿ. ಈಗ ಮನೆಯಲ್ಲೊಬ್ಬರಿಗೆ ವಾಸಿಯಾಗದ ಕಾಯಿಲೆ. ದೊಡ್ಡ ಡಾಕ್ಟರು ಕನ್ನಡಕ ತೆಗೆದಿಟ್ಟು, "ಇನ್ನೇನೂ ಮಾಡೋಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ" ಎಂದಿದ್ದಾರೆ. ಈ ಮಾತಿನಿಂದಾಚೆಗೆ ನಿಮ್ಮ ಪಾಲಿಸಿಯನ್ನು ಹೇಗೆ ಬಳಸಬೇಕೆಂದು ಈ ಕೈಪಿಡಿ ತಿಳಿಸಿಕೊಡುತ್ತದೆ. ಪೂರ್ತಿ ಓದಿದ ಮೇಲೆ ಬಳಸಲು ಬರುವುದೇ ಇಲ್ಲ ಎಂದು ಕಂಡುಬಂದರೆ ಅದನ್ನು ಮುದ್ರಣದೋಷವೆಂದು ತಿಳಿಯಬೇಡಿ.

1. ಪೆಟ್ಟಿಗೆಯಲ್ಲಿ ಏನೇನಿದೆ

ಕೊಠಡಿ ಬಾಡಿಗೆ, ಐಸಿಯು, ಶಸ್ತ್ರಚಿಕಿತ್ಸೆ, ಅರಿವಳಿಕೆ ತಜ್ಞರ ಶುಲ್ಕ, ಆಂಬುಲೆನ್ಸ್. ಸಾಮಾನ್ಯವಾಗಿ ದಾಖಲಾಗುವ ಮುಂಚಿನ 30 ದಿನ ಹಾಗೂ ಬಿಡುಗಡೆಯಾದ ಮೇಲಿನ 60 ದಿನಗಳ ಔಷಧ, ಪರೀಕ್ಷೆಗಳ ಖರ್ಚು. ರೋಬೋಟ್ ತೋಳಿನ ಶಸ್ತ್ರಚಿಕಿತ್ಸೆಯೂ ಉಂಟು, ಮಿದುಳಿನ ಆಳಕ್ಕೆ ತಂತಿ ಇಳಿಸಿ ಪ್ರಚೋದಿಸುವ ಚಿಕಿತ್ಸೆಯೂ ಉಂಟು. ಇಂಥ ಆಧುನಿಕ ಚಿಕಿತ್ಸೆಗಳನ್ನು ಪಾಲಿಸಿಯಿಂದ ಹೊರಗಿಡಕೂಡದೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲೇ ಹೇಳಿದೆ.

ಪೆಟ್ಟಿಗೆಯಲ್ಲಿ ಇಲ್ಲದವು: ಬೆನ್ನಿನ ಹಾಸಿಗೆ ಹುಣ್ಣಿಗೆ ಮನೆಗೇ ಬಂದು ಡ್ರೆಸ್ಸಿಂಗ್ ಮಾಡುವ ನರ್ಸ್. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹೇಗೆಂದು ಸೊಸೆಗೆ ಕಲಿಸಿಕೊಡುವವರು. ಗಾಳಿ ಹಾಸಿಗೆ. "ಅಪ್ಪನಿಗೆ ವಿಷಯ ಹೇಳೋದಾ ಬೇಡವಾ" ಎಂದು ಕಾರಿಡಾರಿನಲ್ಲಿ ಕಚ್ಚಾಡುತ್ತಿರುವ ಅಣ್ಣತಮ್ಮಂದಿರನ್ನು ಕೂರಿಸಿ ಮಾತಾಡಿಸುವ ಆಪ್ತಸಮಾಲೋಚಕಿ. ಇವುಗಳನ್ನು ಪ್ರತ್ಯೇಕವಾಗಿ ಕೊಳ್ಳತಕ್ಕದ್ದು; ಎಲ್ಲಿ ಸಿಗುತ್ತವೆ ಎಂಬುದನ್ನು ಗ್ರಾಹಕರೇ ಪತ್ತೆಹಚ್ಚತಕ್ಕದ್ದು.

2. ಸುರಕ್ಷತಾ ಎಚ್ಚರಿಕೆ

ಪಾಲಿಸಿಯ ಕಡತ ತೆರೆಯಿರಿ. ಭೂತಗನ್ನಡಿ ಇದ್ದರೆ ಅನುಕೂಲ. ಹೊರಗಿಟ್ಟವುಗಳ ಪಟ್ಟಿಯಲ್ಲಿ ಐದನೆಯದನ್ನು, ಅಂದರೆ ಎಕ್ಸ್‌ಕ್ಲೂಷನ್ 05 ಅನ್ನು ಹುಡುಕಿ. ವಿಶ್ರಾಂತಿ, ಪುನಶ್ಚೇತನ, ಆರೈಕೆದಾರರಿಗೆ ಬಿಡುವು ಎಂಬ ತಲೆಬರಹದ ಕೆಳಗೆ ಎರಡು ಉಪವಾಕ್ಯಗಳಿವೆ. ಸ್ನಾನ ಮಾಡಿಸುವುದು, ಬಟ್ಟೆ ಉಡಿಸುವುದು, ಓಡಾಡಿಸುವುದು ಮುಂತಾದ ನಿತ್ಯದ ನೆರವಿಗೆ, ಅದನ್ನು ತರಬೇತಾದ ನರ್ಸ್ ಮಾಡಿದರೂ ಸರಿ, ದುಡ್ಡು ಸಿಗದು ಎನ್ನುತ್ತದೆ ಮೊದಲನೆಯದು. ಎರಡನೆಯದು ಇನ್ನೂ ನೇರ: ಸಾವಿನಂಚಿನಲ್ಲಿರುವವರ ದೈಹಿಕ, ಸಾಮಾಜಿಕ, ಭಾವನಾತ್ಮಕ, ಆಧ್ಯಾತ್ಮಿಕ ಅಗತ್ಯಗಳಿಗೆ ಸ್ಪಂದಿಸುವ ಯಾವ ಸೇವೆಗೂ ದುಡ್ಡಿಲ್ಲ.

ಇದನ್ನು ಬರೆದವರ ಅಧ್ಯಯನವನ್ನು ಮೆಚ್ಚಲೇಬೇಕು. 1967ರಲ್ಲಿ ಲಂಡನ್ನಿನಲ್ಲಿ ಸಾವಿನಂಚಿನವರ ಆರೈಕೆಗೆಂದೇ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದ ಸಿಸಿಲಿ ಸಾಂಡರ್ಸ್ ಮೊದಲು ನರ್ಸ್, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆ, ಕೊನೆಗೆ ವೈದ್ಯೆ. ಸಾಯುತ್ತಿರುವವರ ನೋವು ಮೈಯದ್ದಷ್ಟೇ ಅಲ್ಲ. ಮನಸ್ಸಿನದು, ಸಂಸಾರದ್ದು, ಆತ್ಮದ್ದೂ ಹೌದು, ನಾಲ್ಕನ್ನೂ ಒಟ್ಟಿಗೇ ನೋಡಬೇಕು ಎಂಬುದು ಅವರು ಜೀವಮಾನವಿಡೀ ಕಲಿಸಿದ ಪಾಠ. ನಮ್ಮ ಪಾಲಿಸಿ ಆ ನಾಲ್ಕನ್ನೂ ಬಿಡದೆ ಪಟ್ಟಿ ಮಾಡಿದೆ, ಪಟ್ಟಿಯ ಕೊನೆಗೆ "ಇಲ್ಲ" ಎಂದು ಸೇರಿಸಿದೆ. ಹಾಸ್ಪೈಸ್ ಎಂದರೇನೆಂದು ಯಾರಾದರೂ ಕೇಳಿದರೆ ನಿಮ್ಮ ಪಾಲಿಸಿಯ ಆ ಪುಟವನ್ನೇ ತೋರಿಸಿ. ಇಷ್ಟು ಅಡಕವಾದ ವ್ಯಾಖ್ಯೆ ಬೇರೆಲ್ಲೂ ಸಿಗಲಾರದು.

3. ಅಳವಡಿಕೆಗೆ ಸೂಕ್ತ ಸ್ಥಳ

ಈ ಉತ್ಪನ್ನ ಆಸ್ಪತ್ರೆಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಆಸ್ಪತ್ರೆ ಎನಿಸಿಕೊಳ್ಳಲು ಕಾಯ್ದೆಯಡಿ ಹಾಗೆ ನೋಂದಣಿಯಾಗಿರಬೇಕು. ಇಲ್ಲವೇ 10 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಾದರೆ 10 ಹಾಸಿಗೆ, ದೊಡ್ಡ ಊರಾದರೆ 15 ಹಾಸಿಗೆ, ಹಗಲಿರುಳು ನರ್ಸ್ ಮತ್ತು ವೈದ್ಯರು, ಜೊತೆಗೆ ಸ್ವಂತದ ಸುಸಜ್ಜಿತ ಆಪರೇಷನ್ ಥಿಯೇಟರ್ ಇರಬೇಕು.

ಹಾಸ್ಪೈಸಿಗೆ ಹಾಸಿಗೆ ಇದೆ, ನರ್ಸ್ ಇದ್ದಾರೆ, ವೈದ್ಯರೂ ಇದ್ದಾರೆ. ಆಪರೇಷನ್ ಥಿಯೇಟರ್ ಮಾತ್ರ ಇಲ್ಲ, ಯಾಕೆಂದರೆ ಅಲ್ಲಿಗೆ ಬರುವವರಿಗೆ ಕೊಯ್ಯಬೇಕಾದದ್ದು ಏನೂ ಉಳಿದಿರುವುದಿಲ್ಲ. ಈ ಕೊರತೆ ನೀಗಿಸಲು ಒಂದು ಥಿಯೇಟರ್ ಕಟ್ಟಿಸಿ, ಅದಕ್ಕೆ ಬೀಗ ಹಾಕಿ, ಬೀಗದ ಕೈಯನ್ನು ವಿಮಾ ಕಂಪನಿಗೆ ಕಳಿಸಬಹುದೆಂಬುದು ನಮ್ಮ ತಾಂತ್ರಿಕ ವಿಭಾಗದ ಸಲಹೆ.

ಮನೆಯಲ್ಲಿ ಅಳವಡಿಸಬಹುದೇ? ಕೆಲವು ಪಾಲಿಸಿಗಳು ಮನೆಯಲ್ಲೇ ಚಿಕಿತ್ಸೆಗೆ ಒಪ್ಪುತ್ತವೆ. ಷರತ್ತು ಇಷ್ಟೇ: ರೋಗಿ ಆಸ್ಪತ್ರೆಗೆ ಸೇರಲೇಬೇಕಾದ ಸ್ಥಿತಿಯಲ್ಲಿರಬೇಕು, ಆದರೆ ಸಾಗಿಸಲಾಗದಷ್ಟು ಕ್ಷೀಣಿಸಿರಬೇಕು ಅಥವಾ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇರಬಾರದು. "ಮನೆಯಲ್ಲೇ ಇರ್ತೀನಿ, ತುಳಸಿಕಟ್ಟೆ ಕಾಣೋ ಕಡೆ ಮಂಚ ಹಾಕಿ" ಎಂದು ಅಜ್ಜಿ ಹೇಳಿದ್ದು ವೈದ್ಯಕೀಯ ಕಾರಣವಲ್ಲ.

4. ಚಾಲನೆ

(ಅ) ನೋವು ತಡೆಯಲಾಗದೆ ರಾತ್ರಿ ಹನ್ನೊಂದಕ್ಕೆ ರೋಗಿಯನ್ನು ಎಮರ್ಜೆನ್ಸಿಗೆ ಕರೆತನ್ನಿ. ವಿಮೆಯ ಮಧ್ಯವರ್ತಿಗಳ (ಟಿಪಿಎ) ಕೌಂಟರಿನಲ್ಲಿ ಕಾರ್ಡು, ಆಧಾರ್, ಹಳೆಯ ರಿಪೋರ್ಟುಗಳನ್ನು ಕೊಡಿ.

(ಆ) ಮುಂಗಡ ಒಪ್ಪಿಗೆ ಕೋರುವ ಪ್ರೀ-ಆಥ್ ಅರ್ಜಿಯಲ್ಲಿ "ಉದ್ದೇಶಿತ ಚಿಕಿತ್ಸೆ" ಎಂಬ ಖಾನೆ ಇದೆ. ಅಲ್ಲಿ "ನೋವು ಶಮನ" ಎಂದಷ್ಟೇ ಬರೆದರೆ ಕ್ವೆರಿ ಬರುತ್ತದೆ: ದಾಖಲಾತಿಯ ಅಗತ್ಯವನ್ನು ಸಮರ್ಥಿಸಿ. ಅನುಭವಸ್ಥರು ಅಲ್ಲಿ ಸೋಂಕು ಎಂದೋ ಉಸಿರಾಟದ ತೊಂದರೆ ಎಂದೋ ಬರೆಯುತ್ತಾರೆ. ಬರೆದ ಮೇಲೆ ಅದಕ್ಕೆ ತಕ್ಕ ಸ್ಕ್ಯಾನು, ಆ್ಯಂಟಿಬಯಾಟಿಕ್ಕು, ಐಸಿಯು ಮಂಚ ಎಲ್ಲವೂ ಹಿಂದೆಯೇ ಬರುತ್ತವೆ.

(ಇ) ಯಂತ್ರ ಚಾಲೂ ಆಗಿದೆ. ಐಸಿಯುವಿನ ದಿನವೊಂದಕ್ಕೆ ಹತ್ತಾರು ಸಾವಿರ ತೆರಲು ವಿಮೆಗೆ ಅಭ್ಯಂತರವಿಲ್ಲ. ಕೈ ಕಟ್ಟಿದ, ಬಾಯಿಗೆ ಕೊಳವೆ ಇಳಿಸಿದ ರೋಗಿಯನ್ನು ಮನೆಯವರು ದಿನಕ್ಕೆರಡು ಸಲ ಗಾಜಿನಾಚೆಯಿಂದ ನೋಡಬಹುದು.

(ಈ) ನಿಲ್ಲಿಸಬೇಕಾದರೆ ವಿಮಾ ಮೊತ್ತ ಮುಗಿಯುವವರೆಗೆ ಕಾಯಿರಿ, ಇಲ್ಲವೇ "ವೈದ್ಯರ ಸಲಹೆಗೆ ವಿರುದ್ಧವಾಗಿ ಕರೆದೊಯ್ಯುತ್ತಿದ್ದೇವೆ" ಎಂಬ ಕಾಗದಕ್ಕೆ ಸಹಿ ಹಾಕಿ.

ಸೇವೆಯಲ್ಲಿ ಸುಧಾರಣೆಯೂ ಆಗಿದೆ. 2024ರ ಮೇ ತಿಂಗಳ ಪ್ರಾಧಿಕಾರದ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜ್ ಕೋರಿಕೆಗೆ ಮೂರು ಗಂಟೆಯೊಳಗೆ ಉತ್ತರ ಕೊಡಬೇಕು. ರೋಗಿ ತೀರಿಕೊಂಡರೆ ಕ್ಲೇಮನ್ನು ತಕ್ಷಣ ಇತ್ಯರ್ಥ ಮಾಡಿ ದೇಹವನ್ನು ಬಿಡಿಸಿಕೊಡಬೇಕು. ಸತ್ತ ಮೇಲಿನ ಗಂಟೆಗಳ ಮೇಲೆ ಇಷ್ಟು ಕಾಳಜಿ ಇರುವ ಸುತ್ತೋಲೆಗೆ ಸಾಯುವ ಮುಂಚಿನ ತಿಂಗಳುಗಳು ಕಣ್ಣಿಗೆ ಬೀಳಲಿಲ್ಲ.

5. ಔಷಧ

ಐಸಿಯು ಬಿಟ್ಟು ನೋವು ತಗ್ಗಿಸುವ ಪರ್ಯಾಯ ವಿಧಾನದಲ್ಲಿ ಮುಖ್ಯವಾಗಿ ಬೇಕಾದದ್ದು ಕೆಲವೇ ರೂಪಾಯಿ ಬೆಲೆಯ ಒಂದು ಮಾತ್ರೆ: ಮಾರ್ಫಿನ್. ಬಾಯಲ್ಲಿ ನುಂಗುವ ಸಾಮಾನ್ಯ ಮಾತ್ರೆಯ ಪರಿಣಾಮ ನಾಲ್ಕು ಗಂಟೆ. ಆದ್ದರಿಂದ ನೋವು ಬರಲೆಂದು ಕಾಯದೆ ಗಡಿಯಾರ ನೋಡಿಕೊಂಡು ಕೊಡಬೇಕು: ಬೆಳಗ್ಗೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು. ನಡುರಾತ್ರಿ ಎಬ್ಬಿಸದಿರಲು ಹತ್ತರ ಡೋಸನ್ನು ವೈದ್ಯರು ಹಲವು ಸಲ ದುಪ್ಪಟ್ಟು ಮಾಡುತ್ತಾರೆ. ಜೊತೆಗೆ ಮಲಬದ್ಧತೆಗೆ ಮಾತ್ರೆಯನ್ನೂ ಬರೆಯುತ್ತಾರೆ. ಅದನ್ನು ಬರೆಯದ ವೈದ್ಯರಿಗೆ ಮಾರ್ಫಿನ್ ಕೊಟ್ಟು ರೂಢಿಯಿಲ್ಲ ಎಂದು ಹಳೆಯ ನರ್ಸುಗಳು ತಕ್ಷಣ ಹೇಳಿಬಿಡುತ್ತಾರೆ. ಹೀಗೆ ಅಳತೆಯಲ್ಲಿ ಕೊಟ್ಟರೆ ರೋಗಿ ಎದ್ದು ಕೂತು ಕಾಫಿ ಕೇಳಬಹುದು, ಮೊಮ್ಮಗನ ಮಾರ್ಕ್ಸ್ ಕಾರ್ಡಿಗೆ ಬೈಯಬಹುದು. "ಮಾರ್ಫಿನ್ ಅಂದ್ರೆ ಕೊನೆ" ಎಂಬ ಭಯಕ್ಕೆ ಇದೇ ಮದ್ದು.

ಲಭ್ಯತೆ: ಔಷಧಕ್ಕಾಗಿ ಅಫೀಮು ಬೆಳೆಯಲು ಕಾನೂನಿನ ಒಪ್ಪಿಗೆ ಇರುವ ಕೆಲವೇ ದೇಶಗಳಲ್ಲಿ ನಮ್ಮದೂ ಒಂದು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಅದು ಬೆಳೆಯುತ್ತದೆ, ನೀಮಚ್ ಮತ್ತು ಘಾಜೀಪುರದಲ್ಲಿ ಸರ್ಕಾರಿ ಕಾರ್ಖಾನೆಗಳಿವೆ, ವಿದೇಶಕ್ಕೂ ಹೋಗುತ್ತದೆ. ನಮ್ಮ ತಾಲ್ಲೂಕು ಕೇಂದ್ರದ ಮೆಡಿಕಲ್ ಶಾಪಿಗೆ ಬರುವ ದಾರಿ ಮಾತ್ರ ಸುತ್ತುಬಳಸು. 1985ರ ಮಾದಕ ವಸ್ತು ಕಾಯ್ದೆಯ ಭಯದಲ್ಲಿ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. ಒಂದು ಡಬ್ಬಿ ತರಿಸಲು ಹಲವು ಲೈಸೆನ್ಸ್ ಬೇಕಿದ್ದ ಕಾಲವದು. 2014ರ ತಿದ್ದುಪಡಿ ಅದನ್ನು ಸರಳ ಮಾಡಿತು; ಈಗ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದು, ತರಬೇತಾದ ವೈದ್ಯರಿದ್ದರೆ ಸಾಕು. ತಿದ್ದುಪಡಿಗೆ ವರ್ಷಗಟ್ಟಲೆ ಓಡಾಡಿದವರಲ್ಲಿ ಪ್ಯಾಲಿಯಂ ಇಂಡಿಯಾ ಸಂಸ್ಥೆಯ ಡಾ. ಎಂ.ಆರ್. ರಾಜಗೋಪಾಲ್ ಪ್ರಮುಖರು. ಕಾನೂನು ಸಡಿಲವಾಯಿತು, ಮಾನ್ಯತೆಗೆ ಅರ್ಜಿ ಹಾಕುವ ಆಸ್ಪತ್ರೆಗಳ ಕೈ ಇನ್ನೂ ಸಡಿಲವಾಗಿಲ್ಲ.

6. ನಿಲುಗಡೆ ಗುಂಡಿ

ಬಹಳ ಜನರಿಗೆ ಈ ಗುಂಡಿ ಇರುವುದೇ ಗೊತ್ತಿಲ್ಲ. ವಾಸಿಯಾಗುವ ಭರವಸೆಯಿಲ್ಲದಾಗ ಯಂತ್ರಗಳ ಮೇಲೆ ಇಡಬೇಡಿ ಎಂದು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಎತ್ತಿಹಿಡಿಯಿತು. ಆಗ ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಕಿತ್ತು. 2023ರ ಜನವರಿಯಲ್ಲಿ ನಿಯಮ ಸಡಿಲಿಸಿ, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕೆಂದಿತು. ಅದನ್ನು ಜಾರಿಗೆ ತರುವ ಸುತ್ತೋಲೆಯನ್ನು ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಹೊರಡಿಸಿತು. ಈ ವಿಷಯದಲ್ಲಿ ನಾವು ಬಹುತೇಕ ರಾಜ್ಯಗಳಿಗಿಂತ ಮುಂದೆ.

ಆದರೆ ಗುಂಡಿ ಒತ್ತಿದ ಮೇಲೆ ರೋಗಿ ಹೋಗುವುದೆಲ್ಲಿಗೆ? ಐಸಿಯು ಬೇಡ ಎನ್ನುವ ಹಕ್ಕು ನೋಟರಿಯ ಮುದ್ರೆಯ ಜೊತೆ ಕೈಯಲ್ಲಿದೆ; ಐಸಿಯು ಬದಲು ಬೇಕಾದದ್ದಕ್ಕೆ ವಿಮೆ ಇಲ್ಲ. ಬೇಡ ಎಂದವರಿಗೆ ಉಳಿದದ್ದು ಬರಿಗೈ.

7. ದೋಷ ಪತ್ತೆ ಮತ್ತು ಪರಿಹಾರ

ಸಮಸ್ಯೆ: ಹಾಸ್ಪೈಸ್ ಸಿಗುತ್ತಿಲ್ಲ.
ಪರಿಹಾರ: ದೇಶದ ಮೊದಲ ಹಾಸ್ಪೈಸ್ ಶಾಂತಿ ಆವೇದನಾ ಸದನ ಮುಂಬೈಯಲ್ಲಿ 1986ರಿಂದಲೂ ಇದೆ. ಬೆಂಗಳೂರಿನ ಮಾರತ್ತಹಳ್ಳಿ ಕಡೆ ಕರುಣಾಶ್ರಯ ಇದೆ. ಮುಂದುವರಿದ ಹಂತದ ಕ್ಯಾನ್ಸರ್ ರೋಗಿಗಳಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳದೆ ನೋಡಿಕೊಳ್ಳುತ್ತದೆ. ಇಂಥವು ನಡೆಯುವುದು ಬಹುಪಾಲು ದಾನಿಗಳಿಂದ. ಕಿಡ್ನಿ ಸೋತವರು, ಶ್ವಾಸಕೋಶ ಸೋತವರು, ಮರೆವಿನ ಕಾಯಿಲೆಯವರು ಸರಿಯಾದ ಕಾಯಿಲೆ ಆರಿಸಿಕೊಂಡಿಲ್ಲವಾದ್ದರಿಂದ ಇನ್ನಷ್ಟು ಹುಡುಕತಕ್ಕದ್ದು.

ಸಮಸ್ಯೆ: ನಾವು ಹಳ್ಳಿಯವರು.
ಪರಿಹಾರ: ಗಡಿ ದಾಟಿ ಕೇರಳದಲ್ಲಿ ಹುಟ್ಟಬಹುದಿತ್ತು. ಕೋಳಿಕ್ಕೋಡಿನಲ್ಲಿ 1993ರಲ್ಲಿ ಶುರುವಾದ ಒಂದು ಪುಟ್ಟ ನೋವು ಶಮನ ಕ್ಲಿನಿಕ್ಕಿನಿಂದ ಊರೂರಿನ ಸ್ವಯಂಸೇವಕರ ಜಾಲ ಬೆಳೆಯಿತು. 2008ರಲ್ಲಿ ಅಲ್ಲಿನ ಸರ್ಕಾರ ಉಪಶಾಮಕ (ಪ್ಯಾಲಿಯೇಟಿವ್) ಆರೈಕೆಗೆಂದೇ ನೀತಿ ತಂದಿತು. ಪಂಚಾಯಿತಿಯ ದುಡ್ಡಲ್ಲಿ ನರ್ಸ್ ಮನೆಬಾಗಿಲಿಗೆ ಬರುತ್ತಾರೆ. ನಮ್ಮಲ್ಲೂ ಆಯುಷ್ಮಾನ್ ಆರೋಗ್ಯ ಮಂದಿರಗಳ ಸೇವಾಪಟ್ಟಿಯಲ್ಲಿ ಉಪಶಾಮಕ ಆರೈಕೆ ಸೇರಿದೆ. ಮೊದಲು ಅಲ್ಲಿ ಕೇಳಿ. ಯಾರೂ ಕೇಳದಿದ್ದರೆ ಅದು ಪಟ್ಟಿಯಲ್ಲೇ ಉಳಿಯುತ್ತದೆ.

ಸಮಸ್ಯೆ: ಸರ್ಕಾರಿ ಕಾರ್ಡ್ ಇದೆ.
ಪರಿಹಾರ: ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು, 2024ರಿಂದ 70 ತುಂಬಿದವರಿಗೆ ಆದಾಯದ ಮಿತಿಯನ್ನೂ ತೆಗೆದಿದ್ದಾರೆ. ಆದರೆ ಹಣ ಸಂದಾಯವಾಗುವುದು ಆಸ್ಪತ್ರೆಯ ಪ್ಯಾಕೇಜಿಗೆ, ಮನೆಗೆ ಬರುವ ನರ್ಸಿಗಲ್ಲ.

ಸಮಸ್ಯೆ: ಕ್ಲೇಮ್ ತಿರಸ್ಕಾರವಾಯಿತು.
ಪರಿಹಾರ: ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಬಿಡುಗಡೆಯ ನಂತರದ ಅವಧಿಯ ಔಷಧದ ಬಿಲ್ಲು, ಚೀಟಿಗಳನ್ನು ಒಂದೂ ಎಸೆಯಬೇಡಿ. ಮಾರ್ಫಿನ್ನಿನ ದುಡ್ಡು ಸಿಗುವ ಕಿರುದಾರಿ ಅದೇ. ಕಂಪನಿಗೆ ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಒಂಬುಡ್ಸ್‌ಮನ್ ಇದ್ದಾರೆ; ಬೆಂಗಳೂರಿನ ಕಚೇರಿ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಆದರೆ ಕಂಪನಿ ಎಕ್ಸ್‌ಕ್ಲೂಷನ್ 05 ಎಂಬ ಐದನೆಯ ಕಲಮನ್ನೇ ಮುಂದಿಟ್ಟರೆ ಒಂಬುಡ್ಸ್‌ಮನ್ ಕೂಡ ಓದುವುದು ನೀವು ಸಹಿ ಮಾಡಿದ ಅದೇ ಪುಟವನ್ನು.

8. ಗುಣಮಟ್ಟದ ಪ್ರಮಾಣಪತ್ರ

ಎಕನಾಮಿಸ್ಟ್ ಇಂಟೆಲಿಜೆನ್ಸ್ ಯೂನಿಟ್ 2010ರಲ್ಲಿ ಸಾವಿನ ಗುಣಮಟ್ಟದ ಮೇಲೆ 40 ದೇಶಗಳನ್ನು ಅಳೆದಾಗ ಭಾರತಕ್ಕೆ 40ನೇ ಸ್ಥಾನ. 2015ರಲ್ಲಿ 80 ದೇಶಗಳಲ್ಲಿ 67ನೇ ಸ್ಥಾನ. ಪ್ರಗತಿಯನ್ನು ಗಮನಿಸಿ.

9. ತಯಾರಕರ ಗಮನಕ್ಕೆ: ಬದಲಿಸಬೇಕಾದ ಬಿಡಿಭಾಗಗಳು

ಒಂದು, ಐದನೆಯ ಕಲಮಿನ ಎರಡನೆಯ ಉಪವಾಕ್ಯವನ್ನು ಕಳಚಿ. ಎರಡು, ಆಸ್ಪತ್ರೆಯ ವ್ಯಾಖ್ಯೆಯ ಪಕ್ಕದಲ್ಲಿ ಹಾಸ್ಪೈಸಿಗೆ ಥಿಯೇಟರಿಲ್ಲದ ಒಂದು ವ್ಯಾಖ್ಯೆ ಕೂರಿಸಿ. ಮೂರು, ಮನೆಗೆ ಹೋಗಿ ನೋಡಿಕೊಳ್ಳುವ ತಂಡಕ್ಕೆ ದಿನದ ಲೆಕ್ಕದಲ್ಲಿ ದರ ಗೊತ್ತುಮಾಡಿ. ಅಮೆರಿಕದ ಮೆಡಿಕೇರ್ 1982ರ ಕಾನೂನಿನಿಂದ ಇದನ್ನೇ ಮಾಡುತ್ತಿದೆ: ಆಯಸ್ಸು ಆರು ತಿಂಗಳೊಳಗೆ ಎಂದು ವೈದ್ಯರು ಬರೆದುಕೊಟ್ಟರೆ ನರ್ಸ್, ಔಷಧ, ಮಂಚ, ಮನೆಯವರಿಗೆ ಬಿಡುವು ಎಲ್ಲವೂ ದಿನದರದಲ್ಲಿ ಸೇರುತ್ತವೆ. ನಾಲ್ಕು, ತಾಲ್ಲೂಕಿಗೆ ಒಂದಾದರೂ ಮಾರ್ಫಿನ್ ಮಾನ್ಯತೆಯ ಆಸ್ಪತ್ರೆ ಇರಲಿ. ಪಾಲಿಸಿಯಲ್ಲಿ ಬರೆದದ್ದು ಊರಿನಲ್ಲಿ ಸಿಗದಿದ್ದರೆ ವಿಮೆಯಿಂದ ಪ್ರಯೋಜನವಿಲ್ಲ.

ಖರ್ಚಿನ ಭಯ ಬೇಡ. ನಾಲ್ಕು ಗಂಟೆಗೊಂದು ಮಾತ್ರೆ, ವಾರಕ್ಕೆರಡು ಸಲ ನರ್ಸ್ ಎಂಬ ಬಿಲ್ಲನ್ನು ಐಸಿಯುವಿನ ಬಿಲ್ಲಿನ ಪಕ್ಕದಲ್ಲಿಟ್ಟು ನೋಡುವಷ್ಟು ಗಣಿತ ಯಾವ ವಿಮಾ ಕಂಪನಿಗೂ ಬರುತ್ತದೆ. ಐದನೆಯ ಕಲಮಿನ ಮಾತುಗಳನ್ನು ಎಲ್ಲ ಕಂಪನಿಗಳಿಗೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದದ್ದು 2019ರ ಒಂದು ಮಾರ್ಗಸೂಚಿ. ಮೊದಲ ಮೂರು ಬದಲಾವಣೆಗೆ ವಿಮಾ ಪ್ರಾಧಿಕಾರದ ಅಂಥದ್ದೇ ಇನ್ನೊಂದು ಕಾಗದ ಸಾಕು. ಪ್ರಾಧಿಕಾರದ ಕಚೇರಿ ಹೈದರಾಬಾದಿನಲ್ಲಿದೆ, ಕೆಲಸದ ದಿನಗಳಲ್ಲಿ ತೆರೆದಿರುತ್ತದೆ.