ಸಾಹೇಬ್ರ ಊರು ಯಾವುದ್ರಿ?

ಹುಕ್ಕೇರಿ ತಾಲೂಕಿನ ದಡ್ಡಿಯ ಚಾದಂಗಡಿ. ಕಟ್ಟೆಯ ಮೇಲೆ ನಿವೃತ್ತ ಮಾಸ್ತರು, ಎದುರಿಗೆ ಕಾಲೇಜು ಓದುವ ಅಳಿಯ. ಬಸಿಗೆ ಸುರಿದ ಚಹಾ ಆರುತ್ತಿದೆ. ಚರ್ಚೆ ಆರುವ ಲಕ್ಷಣವಿಲ್ಲ.

“ಮಾವಾ, ಅಮೆರಿಕಾದ ಸಣ್ಣ ಬುಷ್ ಟೆಕ್ಸಾಸ್‌ನಾಂವ ಹೌದಲ್ರಿ?”

“ಬೆಳದದ್ದು ಅಲ್ಲೇ, ಖರೆ. ಹುಟ್ಟಿದ್ದು ಕನೆಕ್ಟಿಕಟ್, ಕಲತದ್ದು ಯೇಲ್, ಹಾರ್ವರ್ಡ್. 1999ರಾಗ ಕ್ರಾಫರ್ಡ್‌ದಾಗ ಹೊಲಾ ತಗೊಂಡ, ಮರುವರ್ಷ ಅಧ್ಯಕ್ಷಗಿರಿಗೆ ನಿಂತ. ಟೊಪಗಿ ಇಟಗೊಂಡು ಕಂಟಿ ಕಡದ್ರ ಫೋಟೋದವ್ರು ಓಡಿ ಬರ್ತಿದ್ರು.”

“ನಮ್ಮಪ್ಪ ದಿನಾ ಕಡೀತಾನ. ಒಬ್ಬಾಂವನೂ ಬಂದಿಲ್ಲ.”

ಮಾಸ್ತರು ಕೇಳಿಸದವರಂತೆ ಬಸಿ ಎತ್ತಿದರು.

ಬೇರೆಯವರ ಮಾತೇಕೆ, ಇದೇ ತಾಲೂಕಿನ ಬೆಲ್ಲದ ಬಾಗೇವಾಡಿಯ ಉಮೇಶ ಕತ್ತಿ ಇದ್ದರಲ್ಲ. ಹುಕ್ಕೇರಿಯಿಂದ ಮತ್ತೆ ಮತ್ತೆ ಗೆದ್ದರು, ಪಕ್ಷ ಬದಲಿಸಿದರು. ಪ್ರತ್ಯೇಕ ಉತ್ತರ ಕರ್ನಾಟಕದ ಮಾತನ್ನು ಮಾತ್ರ ಬಿಡಲಿಲ್ಲ. 2022ರಲ್ಲಿ, ಕರ್ನಾಟಕದ ಮಂತ್ರಿಯಾಗಿದ್ದುಕೊಂಡೇ, ದೇಶದಲ್ಲಿ 50 ರಾಜ್ಯಗಳಾಗುತ್ತವೆ, ಕರ್ನಾಟಕ ಎರಡಾಗುತ್ತದೆ ಎಂದುಬಿಟ್ಟರು. ಬೆಂಗಳೂರಿನ ಪತ್ರಿಕೆಗಳಿಗೆ ಅಂದಿನ ತಲೆಬರಹ ಸಿಕ್ಕಿತು.

“50 ಅಂದ್ರ ಅಮೆರಿಕಾದ ಲೆಕ್ಕಾನ ಆತಲ್ರಿ!”

“ಹೂಂ. ಇನ್ನ ರಜನೀಕಾಂತನ್ನ ಯಾವ ರಾಜ್ಯಕ್ಕ ಹಾಕ್ತಿ? ಹುಟ್ಟಿದ್ದು ಬೆಂಗಳೂರು, ಮನ್ಯಾಗ ಮರಾಠಿ, ಬಸ್ಸಿನಾಗ ಕನ್ನಡ, ಪಿಕ್ಚರಿನಾಗ ತಮಿಳು. ಪಿಕ್ಚರ್ ಓಡಿದ್ರ ನಮ್ಮಾಂವ, ಕಾವೇರಿ ಗಲಾಟೆ ಆದ್ರ ಅವರಾಂವ.”

“ಗಾಯಕ ಕುಮಾರ ಗಂಧರ್ವ?”

“ನಮ್ಮ ಸುಳೇಭಾವಿಯ ಶಿವಪುತ್ರ ಕೊಂಕಾಳಿಮಠ. ಮಧ್ಯಪ್ರದೇಶದ ದೇವಾಸದಾವ್ರು ನಮ್ಮವ್ರಂತಾರ. ಇರ್ಲಿ, ನಾಳೆ ನೀ ಪುಣೆದಾಗ ನೌಕರಿ ಹಿಡದ್ರ ಏನಂತ ಹೇಳ್ತಿ?”

“ಅಲ್ಲಿ ಬೆಳಗಾಂವದಾಂವ, ಬೆಂಗಳೂರಾಗ ಹುಬ್ಬಳ್ಳಿ ಕಡ್ಯಾಂವ. ದಡ್ಡಿ ಅಂದ್ರ ಎರಡೂ ಕಡೆ ಎಲ್ಲೈತಿ ಅಂತಾರ್ರಿ.”